ಹೊಸ ಕೋಬ್ರಾ ರೆಪ್ಲಿಕಾ ಡೆಲಿವರಿ: ಸಹಿ ಹಾಕುವ ಮುಂಚೆ ನೋಡಬೇಕಾದ್ದು, ಮೊದಲ 500 ಮೈಲಿಯಲ್ಲಿ ಮಾಡಬೇಕಾದ್ದು

ಶೋರೂಮಿನ ಹೊಸ ಕಾರನ್ನು ಒಂದೇ ಕಂಪನಿ ಪೂರ್ತಿ ಕಟ್ಟಿರುತ್ತದೆ. ಕೋಬ್ರಾ ರೆಪ್ಲಿಕಾ, ಅಂದರೆ 1960ರ ದಶಕದ ಶೆಲ್ಬಿ ಕೋಬ್ರಾ ಸ್ಪೋರ್ಟ್ಸ್ ಕಾರಿನ ಹೊಸ ನಕಲು, ಹಾಗಲ್ಲ, ಅದಕ್ಕೆ ಕನಿಷ್ಠ ಮೂರು ಕಡೆಯವರ ಕೈ ತಾಗಿರುತ್ತದೆ. ಅಮೆರಿಕದಲ್ಲಿ ಮಾರಾಟವಾಗುವ ಸೂಪರ್‌ಫಾರ್ಮೆನ್ಸ್ ಮಾರ್ಕ್ 3 ತೆಗೆದುಕೊಳ್ಳಿ. ಚಾಸಿ, ಫೈಬರ್‌ಗ್ಲಾಸ್ ಬಾಡಿ, ಬಣ್ಣ, ಸೀಟು, ವೈರಿಂಗ್ ಎಲ್ಲ ಮುಗಿಯುವುದು ದಕ್ಷಿಣ ಆಫ್ರಿಕಾದಲ್ಲಿ, ಹಿಂದೆ ಪೋರ್ಟ್ ಎಲಿಜಬೆತ್ ಎನ್ನುತ್ತಿದ್ದ ಊರಲ್ಲಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಇಲ್ಲದ ಆ ಗಾಡಿಗೆ ‘ರೋಲರ್’ ಅನ್ನುತ್ತಾರೆ. ಅದು ಹಡಗಿನಲ್ಲಿ ಅಮೆರಿಕಕ್ಕೆ ಬರುತ್ತದೆ. ಎಂಜಿನ್ ಕಟ್ಟುವವರು ಬೇರೆ, ಅದನ್ನು ಗಾಡಿಗೆ ಕೂರಿಸುವ ವರ್ಕ್‌ಶಾಪ್ ಬೇರೆ. ಡರ್ಬನ್‌ನಲ್ಲಿ ತಯಾರಾಗುವ ಬ್ಯಾಕ್‌ಡ್ರಾಫ್ಟ್ ಕಾರಿನದೂ ಹೆಚ್ಚುಕಡಿಮೆ ಇದೇ ಕಥೆ. ಮ್ಯಾಸಚೂಸೆಟ್ಸ್‌ನ ಫ್ಯಾಕ್ಟರಿ ಫೈವ್ ಕಂಪನಿಯ ಬಿಡಿಭಾಗಗಳ ಕಿಟ್ ತಂದು ವರ್ಕ್‌ಶಾಪಿನವರಿಂದ ಕಟ್ಟಿಸಿದರೆ ಕೈಗಳು ಇನ್ನೂ ಹೆಚ್ಚು.

ಇಂಥ ಗಾಡಿಯಲ್ಲಿ ತೊಂದರೆ ಕಾಣಿಸುವುದು ಸಾಮಾನ್ಯವಾಗಿ ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಶುರುವಾಗುವ ಜಾಗದಲ್ಲಿ. ಎಂಜಿನ್ ಚೆನ್ನಾಗಿರುತ್ತದೆ, ಚಾಸಿಯೂ ಚೆನ್ನಾಗಿರುತ್ತದೆ, ಆದರೆ ಡಿಪ್‌ಸ್ಟಿಕ್ ಒಂದು ಕಂಪನಿಯದು, ಆಯಿಲ್ ಪ್ಯಾನ್ ಇನ್ನೊಂದರದು, ಗುರುತು ತಾಳೆಯಾಗುವುದಿಲ್ಲ. ಡೆಲಿವರಿ ದಿನ ನೀವು ಹುಡುಕಬೇಕಾದ್ದು ಇಂಥ ಕೊಂಡಿಗಳನ್ನೇ. ಬಣ್ಣದ ಹೊಳಪು ನೋಡುತ್ತಾ ನಿಂತರೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ.

ಕಾಗದ ಪತ್ರ ಮೊದಲು

ಗಾಡಿ ನೋಡಲು ಹೊರಡುವ ಮುಂಚೆಯೇ ಕಾಗದಗಳ ಸ್ಕ್ಯಾನ್ ತರಿಸಿಕೊಳ್ಳಿ. ಮುಖ್ಯವಾದದ್ದು ತಯಾರಕರ ಮೂಲ ಪ್ರಮಾಣಪತ್ರ, ಎಲ್ಲರೂ ಎಂಎಸ್‌ಒ ಅಥವಾ ಎಂಸಿಒ ಎಂದು ಕರೆಯುವ ಹಾಳೆ. ಅದರಲ್ಲಿರುವ ಚಾಸಿ ನಂಬರು, ಗಾಡಿಯ ಮೇಲೆ ಹೊಡೆದ ನಂಬರು, ಇನ್ಶೂರೆನ್ಸ್ ಪಾಲಿಸಿಯ ನಂಬರು ಮೂರೂ ಅಕ್ಷರಶಃ ಒಂದೇ ಇರಬೇಕು. ಸೊನ್ನೆ ಇರಬೇಕಾದಲ್ಲಿ ‘ಒ’ ಅಕ್ಷರ ಬಿದ್ದಿದ್ದರೂ ಕೌಂಟರಿನಿಂದ ವಾಪಸ್ ಕಳಿಸುತ್ತಾರೆ. ಇದರ ಜೊತೆಗೆ ಎಂಜಿನ್, ಗೇರ್‌ಬಾಕ್ಸ್, ಕೂರಿಸಿದ ಮಜೂರಿ, ಇವಕ್ಕೆ ಬೇರೆ ಬೇರೆ ಇನ್‌ವಾಯ್ಸ್ ಬೇಕು. ರೋಲರ್ ಮತ್ತು ಎಂಜಿನ್ ಪ್ರತ್ಯೇಕವಾಗಿ ಕೊಂಡಿದ್ದೀರಿ ಅನ್ನುವುದಕ್ಕೂ ತೆರಿಗೆ ಲೆಕ್ಕಕ್ಕೂ ಇವೇ ಆಧಾರ.

ನೋಂದಣಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರು ತಿಳಿದಿರಬೇಕಾದ್ದು ಕ್ಯಾಲಿಫೋರ್ನಿಯಾದ ಎಸ್‌ಬಿ 100 ಕಾನೂನು. ಇದರಡಿ ಇಡೀ ರಾಜ್ಯಕ್ಕೆ ವರ್ಷಕ್ಕೆ 500 ಗಾಡಿಗಳಿಗೆ ಮಾತ್ರ ಅವಕಾಶ, ಮೊದಲು ಬಂದವರಿಗೆ ಮೊದಲು. ಇದು ಸಿಕ್ಕರೆ ಹೊಗೆ ಪರೀಕ್ಷೆಗೆ ಗಾಡಿ ಅಥವಾ ಎಂಜಿನ್ ಯಾವ ವರ್ಷದ ಮಾದರಿಯನ್ನು ಹೋಲುತ್ತದೋ ಆ ವರ್ಷದ ನಿಯಮ ಅನ್ವಯಿಸುತ್ತದೆ. ಅಂದರೆ 1965ರ ಕೋಬ್ರಾ ಹೋಲುವ ಗಾಡಿಗೆ ಇಂದಿನ ಬಿಗಿ ಹೊಗೆ ನಿಯಮ ತಗಲುವುದಿಲ್ಲ. ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ ಅರ್ಜಿ, ಹೈವೇ ಪ್ಯಾಟ್ರೋಲ್ ಪೊಲೀಸರ ನಂಬರ್ ತಪಾಸಣೆ, ಹೊಗೆ ಪರೀಕ್ಷೆಯ ರೆಫರಿ ಕೇಂದ್ರದ ಭೇಟಿ, ಎಲ್ಲಕ್ಕೂ ಸಮಯ ಹಿಡಿಯುತ್ತದೆ. ಹಾಗಾಗಿ ಡೆಲಿವರಿ ದಿನಾಂಕವನ್ನು ಇದಕ್ಕೆ ಹೊಂದಿಸಿಕೊಳ್ಳಿ.

‘1965 ಶೆಲ್ಬಿ ಕೋಬ್ರಾ ಅಂತಲೇ ಟೈಟಲ್ (ಮಾಲೀಕತ್ವ ಪತ್ರ) ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಹೋಲುವ ವರ್ಷವನ್ನು ರೆಪ್ಲಿಕಾ ಎಂಬ ಷರಾದೊಂದಿಗೆ ಬರೆಯಲು ನಿಮ್ಮ ರಾಜ್ಯದ ಕಾನೂನೇ ಅವಕಾಶ ಕೊಟ್ಟಿದ್ದರೆ ಸರಿ, ಇಲ್ಲದಿದ್ದರೆ ಅದು ಸುಳ್ಳು ದಾಖಲೆ. ಅಸಲಿ ಕೋಬ್ರಾಗಳು ತಯಾರಾದದ್ದು 1962ರಿಂದ 1967ರವರೆಗೆ, ಒಟ್ಟು ಸುಮಾರು ಒಂದು ಸಾವಿರ, ಪ್ರತಿಯೊಂದರ ನಂಬರೂ ದಾಖಲಾಗಿದೆ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವಂಥ ಗಾಡಿ ಇದಲ್ಲ.

ಎಂಜಿನ್ ಸಮೇತ ಪೂರ್ತಿ ಕಟ್ಟಿದ ರೆಪ್ಲಿಕಾ ಮಾರಲು ಅಮೆರಿಕದಲ್ಲಿ ಈಗ ಬೇರೆ ದಾರಿಯೂ ಇದೆ. 2015ರ ಕಾನೂನಿನ ಮೇಲೆ 2021ರಲ್ಲಿ ಬಂದ ನಿಯಮದ ಪ್ರಕಾರ ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಇಂಥ ಗಾಡಿ ಮಾರಬಹುದು, ಆದರೆ ಎಂಜಿನ್ ಇಂದಿನ ಹೊಗೆ ನಿಯಮಕ್ಕೆ ಪ್ರಮಾಣಿತವಾಗಿರಬೇಕು. ನಿಮ್ಮದು ಯಾವ ದಾರಿಯಲ್ಲಿ ಬಂದ ಗಾಡಿ ಎಂದು ಬರಹದಲ್ಲಿ ಪಡೆಯಿರಿ. ನೋಂದಣಿ ಕಚೇರಿಯಲ್ಲಿ ಮೊದಲು ಕೇಳುವುದೇ ಅದನ್ನು.

ಇನ್ಶೂರೆನ್ಸ್ ಡೆಲಿವರಿಯ ಹಿಂದಿನ ದಿನವೇ ಜಾರಿಯಲ್ಲಿರಬೇಕು, ಅದೂ ‘ಒಪ್ಪಿತ ಮೌಲ್ಯ’ದ ಪಾಲಿಸಿ. ಮಾಮೂಲಿ ಪಾಲಿಸಿಯವರು ಅಪಘಾತವಾದ ಮೇಲೆ ಮಾರುಕಟ್ಟೆ ಬೆಲೆ ಹುಡುಕುತ್ತಾರೆ, ರೆಪ್ಲಿಕಾಗೆ ಅಂಥ ಪಟ್ಟಿಯೇ ಇಲ್ಲ. ಹ್ಯಾಗರ್ಟಿ, ಗ್ರಂಡಿ ತರಹದ ಕಂಪನಿಗಳು ಮೊತ್ತವನ್ನು ಮೊದಲೇ ಬರೆದುಕೊಡುತ್ತವೆ. ಟ್ರಕ್ಕಿನಲ್ಲಿರುವಾಗ ಯಾರ ವಿಮೆ ಅನ್ನುವುದನ್ನೂ ಕೇಳಿ.

ತಣ್ಣಗಿರುವ ಎಂಜಿನ್ ಬೇಕು

ವರ್ಕ್‌ಶಾಪಿಗೆ ಒಂದೇ ಷರತ್ತು ಹಾಕಿ: ನಾನು ಬರುವ ತನಕ ಆವತ್ತು ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕಾರ್ಬೊರೇಟರ್ ಎಂಜಿನ್ ಬಿಸಿಯಿದ್ದಾಗ ಅರ್ಧ ಕಾಯಿಲೆ ಮುಚ್ಚಿಟ್ಟುಕೊಳ್ಳುತ್ತದೆ. ತಣ್ಣಗಿದ್ದರೆ ರೇಡಿಯೇಟರ್ ಕ್ಯಾಪ್ ತೆಗೆದು ಕೂಲೆಂಟ್ ಮಟ್ಟ ನೋಡಬಹುದು, ಎಂಜಿನ್ನಿನಿಂದ ಹೊಗೆ ಒಯ್ಯುವ ಎಕ್ಸಾಸ್ಟ್ ಹೆಡರ್ ಕೊಳವೆಗಳ ಬೋಲ್ಟಿಗೆ ಸ್ಪಾನರ್ ಹಾಕಬಹುದು, ಗಾಡಿಯ ಪಕ್ಕದಲ್ಲಿ ಹೊಗೆ ಬಿಡುವ ಸೈಡ್ ಪೈಪ್ ಬಳಿ ಮೊಣಕಾಲೂರಿ ಕೂರಬಹುದು.

ಕೈಯಲ್ಲಿ ಇರಬೇಕಾದ್ದು: ಪ್ರಖರ ಟಾರ್ಚು, ಟಯರ್ ಗೇಜ್, ಟಾರ್ಕ್ ರೆಂಚ್, ಮಲ್ಟಿಮೀಟರ್, ಪೇಪರ್ ಟವೆಲ್ ಸುರುಳಿ, ಮಕ್ಕಳು ಆಡುವ ಮಾಡೆಲಿಂಗ್ ಕ್ಲೇ ಒಂದು ಉಂಡೆ, ಬಣ್ಣದ ಟೇಪು. ಸಮಯ ಅರ್ಧ ದಿನ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸುವುದು ಕಡ್ಡಾಯ. ಒಪ್ಪದ ಅಂಗಡಿಗೆ ಬಾಕಿ ಹಣ ಕೊಡುವ ತುರ್ತು ಇಲ್ಲ.

ಬಾಡಿ

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ, ಆದರೆ ನೋಡಬೇಕಾದಲ್ಲಿ ನೋಡಿ. ಫೈಬರ್‌ಗ್ಲಾಸ್ ಬಿರುಕು ಬಿಡುವುದು ಒತ್ತಡ ಬೀಳುವ ತೂತುಗಳ ಸುತ್ತ: ರೋಲ್ ಬಾರ್ ಬಾಡಿಯೊಳಗೆ ಇಳಿಯುವ ಜಾಗ, ಬಂಪರ್ ಬದಲು ಇರುವ ಕ್ವಿಕ್ ಜ್ಯಾಕ್ ಕೊಳವೆಗಳ ತೂತು, ಬಾಗಿಲಿನ ಹಿಂಜ್, ವಿಂಡ್‌ಸ್ಕ್ರೀನ್ ಕಾಲುಗಳ ಬುಡ. ಜೇಡರ ಬಲೆಯಂಥ ಸಣ್ಣ ಗೆರೆ ಕಂಡರೆ ಟೇಪ್ ಅಂಟಿಸಿ ಫೋಟೋ ತೆಗೆಯಿರಿ. ಪಾಲಿಶ್ ಹಾಕಿದರೆ ಹೋಗುತ್ತದೆ ಅಂದರೆ ನಂಬಬೇಡಿ, ಗೆರೆ ಬಣ್ಣದ ಕೆಳಗಿನಿಂದ ಬಂದಿರುತ್ತದೆ. ನಡುವಿನ ಪಟ್ಟೆಗಳು ಮೂಗಿನಿಂದ ಬಾನೆಟ್ಟಿಗೆ, ಬಾನೆಟ್ಟಿನಿಂದ ಹಿಂದಕ್ಕೆ ನೇರ ಸಾಲಾಗಿವೆಯೇ ಎಂದು ಗಾಡಿಯ ಎದುರು ಕೂತು ನೋಡಿ. ಬಾಗಿಲು, ಬಾನೆಟ್, ಡಿಕ್ಕಿಯ ಸಂದು ಸುತ್ತ ಒಂದೇ ಅಗಲ ಇರಬೇಕು. ಬಾಗಿಲು ಒಂದು ಬದಿಯಲ್ಲಿ ಉಜ್ಜುತ್ತಿದ್ದರೆ ತಿಂಗಳೊಳಗೆ ಅಂಚಿನ ಬಣ್ಣ ಎದ್ದುಬರುತ್ತದೆ.

ಬಿಸಿಲಲ್ಲಿ ನಿಲ್ಲಿಸಿ ಓರೆಯಾಗಿ ನೋಡಿದಾಗ ನಾರಿನ ನೇಯ್ಗೆ ಬಣ್ಣದ ಮೇಲೆ ಮೂಡಿದಂತೆ ಕಂಡರೆ ಬಾಡಿ ಪೂರ್ತಿ ಒಣಗಿ ಗಟ್ಟಿಯಾಗುವ ಮುಂಚೆ ಬಣ್ಣ ಹೊಡೆದಿದ್ದಾರೆ ಅಂತ. ಇದನ್ನು ಪಟ್ಟಿಗೆ ಸೇರಿಸಿ.

ಬಾನೆಟ್ಟಿನ ಅಡಿ, ಗಾಡಿಯ ಅಡಿ

ಮಾಡೆಲಿಂಗ್ ಕ್ಲೇ ಈಗ ಬೇಕು. ಏರ್ ಕ್ಲೀನರ್ ಮುಚ್ಚಳದ ಮೇಲೆ ನಾಲ್ಕು ಕಡೆ ಸಣ್ಣ ಗೋಪುರದಂತೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಉಳಿದ ಎತ್ತರವೇ ಅಂತರ. ಅರ್ಧ ಇಂಚಿಗಿಂತ ಕಡಿಮೆ ಇದ್ದರೆ ಜೋರಾಗಿ ಗ್ಯಾಸ್ ಕೊಟ್ಟಾಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಹೊರಳಿ ಮುಚ್ಚಳ ಬಾನೆಟ್ಟಿಗೆ ತಾಗುತ್ತದೆ. ಎಂಜಿನ್ ಕಟ್ಟುವವರು ಕಾರ್ಬೊರೇಟರ್ ಕೂರುವ ಮ್ಯಾನಿಫೋಲ್ಡ್ ಆರಿಸುವಾಗ ಬಾನೆಟ್ ಎದುರಿಗಿರಲಿಲ್ಲ, ಅದಕ್ಕೇ ಈ ತಾಪತ್ರಯ.

ಎಂಜಿನ್ ಆಫ್ ಇರುವಾಗ ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿಯಲಿ, ನೀವು ಕಾರ್ಬೊರೇಟರ್ ನೋಡಿ. ಅದರೊಳಗೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ (‘ಚಿಟ್ಟೆ’) ಪೂರ್ತಿ ನೆಟ್ಟಗೆ ತೆರೆಯಬೇಕು, ಕಾಲು ತೆಗೆದ ಕೂಡಲೇ ಪಟ್ಟನೆ ಮುಚ್ಚಬೇಕು. ಎರಡು ರಿಟರ್ನ್ ಸ್ಪ್ರಿಂಗ್ ಇರಲೇಬೇಕು, ಒಂದು ಮುರಿದರೆ ಇನ್ನೊಂದು ಎಳೆಯಲಿ ಎಂದು. ನೆಲಹಾಸು ಮಡಚಿ ಪೆಡಲ್ ಅಡಿ ಸಿಕ್ಕುತ್ತದೆಯೇ ನೋಡಿ. ಕೋಬ್ರಾದ ಕಾಲಿಡುವ ಗೂಡು ಇಕ್ಕಟ್ಟು, ಅಗಲದ ಶೂ ಹಾಕಿದರೆ ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೇ ಒತ್ತಿಬಿಡುತ್ತೀರಿ. ಆವತ್ತು ಓಡಿಸುವ ಶೂ ಹಾಕಿಕೊಂಡೇ ಹೋಗಿ ಪರೀಕ್ಷೆ ಮಾಡಿ.

ಇನ್ನು ಡಿಪ್‌ಸ್ಟಿಕ್. ಫೋರ್ಡ್ ವಿಂಡ್ಸರ್ ಎಂಜಿನ್ನಿಗೆ ಇಂಥ ಗಾಡಿಗಳಲ್ಲಿ ಹಾಕುವುದು ಅಗಲವಾದ ರೇಸಿಂಗ್ ಪ್ಯಾನ್. ಮೂಲ ಎಂಜಿನ್ನಿಗೆ 5 ಕ್ವಾರ್ಟ್ (ಒಂದು ಕ್ವಾರ್ಟ್ ಹೆಚ್ಚುಕಡಿಮೆ ಒಂದು ಲೀಟರ್) ಸಾಕಾದರೆ ಇದಕ್ಕೆ 7ರಿಂದ 9 ಬೇಕಾಗಬಹುದು. ಎಷ್ಟು ಕ್ವಾರ್ಟ್ ಸುರಿದಿರಿ, ಫಿಲ್ಟರ್ ಸೇರಿಸಿಯೋ ಬಿಟ್ಟೋ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಸಮತಟ್ಟು ನೆಲದಲ್ಲಿ ಡಿಪ್‌ಸ್ಟಿಕ್ ಎಳೆದು, ಆಯಿಲ್ ಎಲ್ಲಿಗೆ ನಿಂತಿದೆಯೋ ಅಲ್ಲಿ ಅರದಿಂದ ಸಣ್ಣ ಗೀರು ಹಾಕಿಸಿ. ಇನ್ನು ಮುಂದೆ ಆ ಗೀರೇ ನಿಮ್ಮ ‘ಫುಲ್’. ಕಾರ್ಖಾನೆಯ ಗುರುತು ನಂಬಿ ಎರಡು ಕ್ವಾರ್ಟ್ ಕಡಿಮೆ ಓಡಿಸಿದರೆ ಉದ್ದನೆಯ ಎಡ ತಿರುವಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಬೀಳುತ್ತದೆ, ಅದರ ಬೆನ್ನಿಗೇ ಬೇರಿಂಗ್ ಹೋಗುತ್ತದೆ.

ಲಿಫ್ಟ್ ಮೇಲೆ ಎತ್ತಿದ ಮೇಲೆ ಪ್ರತಿ ಬೋಲ್ಟಿನ ಮೇಲೂ ಬಣ್ಣದ ಗೆರೆ ಹುಡುಕಿ. ಬಿಗಿ ಮಾಡಿ ಪರೀಕ್ಷಿಸಿದ ಬೋಲ್ಟಿಗೆ ಒಳ್ಳೆಯ ಅಂಗಡಿಯವರು ಗೆರೆ ಎಳೆದಿರುತ್ತಾರೆ. ಗೆರೆ ಇಲ್ಲದ ಡ್ರೈವ್‌ಶಾಫ್ಟ್ ಬೋಲ್ಟು, ಬ್ರೇಕ್ ಕ್ಯಾಲಿಪರ್ ಬೋಲ್ಟು, ಸ್ಟಿಯರಿಂಗ್ ಜಾಯಿಂಟು ಕಂಡರೆ ನಿಮ್ಮ ಎದುರೇ ಟಾರ್ಕ್ ರೆಂಚ್ ಹಾಕಿಸಿ. ಆಮೇಲೆ ಹೆಡರ್ ಸುತ್ತ ಟಾರ್ಚ್ ಬಿಡಿ. ಸ್ಟಾರ್ಟರ್ ಕೇಬಲ್, ಕ್ಲಚ್ಚಿನ ಹೈಡ್ರಾಲಿಕ್ ಪೈಪು, ಸ್ಪಾರ್ಕ್ ಪ್ಲಗ್ ವೈರು, ಸ್ಟಿಯರಿಂಗ್ ಶಾಫ್ಟಿನ ಜಾಯಿಂಟು, ನಾಲ್ಕೂ ಕೆಂಪಗೆ ಕಾಯುವ ಆ ಕೊಳವೆಗಳ ಪಕ್ಕದಲ್ಲೇ ಹಾದುಹೋಗುತ್ತವೆ. ರೋಲರ್‌ಗೆ ವೈರಿಂಗ್ ಮಾಡಿದವರಿಗೆ ಯಾವ ಹೆಡರ್ ಬರುತ್ತದೆಂದು ಗೊತ್ತಿರಲಿಲ್ಲ. ಬೆರಳು ತೂರದಷ್ಟು ಹತ್ತಿರ ಇದ್ದರೆ ಉಷ್ಣ ಕವಚ ಹಾಕಿಸಿ ಅಥವಾ ದಾರಿ ಬದಲಿಸಲು ಹೇಳಿ.

ಗೇರ್‌ಬಾಕ್ಸ್ ಬಗ್ಗೆ ಎರಡು ಪ್ರಶ್ನೆ ಸಾಕು. ಒಂದು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ, ಅಂದರೆ ಬೆಲ್‌ಹೌಸಿಂಗ್, ಮಧ್ಯಕ್ಕೆ ಇದೆಯೇ ಎಂದು ಡಯಲ್ ಇಂಡಿಕೇಟರಿನಿಂದ ಅಳೆದಿದ್ದೀರಾ, ಅಂಕಿ ಎಷ್ಟು? ಟ್ರೆಮೆಕ್ ಗೇರ್‌ಬಾಕ್ಸಿಗೆ ಮಿತಿ 0.005 ಇಂಚು. ಅಳೆಯದೆ ಕೂರಿಸಿದರೆ ಹೆಚ್ಚು ಆರ್‌ಪಿಎಂನಲ್ಲಿ ಗೇರ್ ಬೀಳುವುದಿಲ್ಲ, ಇನ್‌ಪುಟ್ ಬೇರಿಂಗ್ ಗುಂಯ್‌ಗುಡುತ್ತದೆ, ವಾರಂಟಿಯವರು ಮೊದಲು ಕೇಳುವುದೂ ಈ ಅಂಕಿಯನ್ನೇ. ಎರಡು, ಯಾವ ಆಯಿಲ್ ಹಾಕಿದ್ದೀರಿ? ಟ್ರೆಮೆಕ್‌ನ ಟಿಕೆಒ, ಟಿಕೆಎಕ್ಸ್ ಮಾದರಿಗೆ ಬೇಕಾದ್ದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನಂಥ ತೆಳು ಆಯಿಲ್. ರೂಢಿಯ ಮೇಲೆ 90 ನಂಬರಿನ ದಪ್ಪ ಗೇರ್ ಆಯಿಲ್ ಸುರಿದಿದ್ದರೆ ಬೆಳಿಗ್ಗೆ ಎರಡನೇ ಗೇರಿಗೆ ಗುದ್ದಾಡಬೇಕು. ಡಿಫರೆನ್ಷಿಯಲ್ ಕ್ಲಚ್ ಮಾದರಿಯ ಲಿಮಿಟೆಡ್ ಸ್ಲಿಪ್ ಆಗಿದ್ದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿದ್ದಾರೆಯೇ ಕೇಳಿ. ಇಲ್ಲದಿದ್ದರೆ ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಹಿಂಬದಿ ಗಡಗಡ ನಡುಗುತ್ತದೆ.

ವಿದ್ಯುತ್ತು

ಫೈಬರ್‌ಗ್ಲಾಸಿನಲ್ಲಿ ಕರೆಂಟ್ ಹರಿಯುವುದಿಲ್ಲ. ಕಬ್ಬಿಣದ ಕಾರಿನಲ್ಲಿ ಬಾಡಿಯೇ ಅರ್ಥಿಂಗ್ ಆಗುತ್ತದೆ, ಇಲ್ಲಿ ಪ್ರತಿ ದೀಪಕ್ಕೂ ಒಂದು ನೆಗೆಟಿವ್ ವೈರು ಚಾಸಿಗೆ ಹೋಗಬೇಕು. ಒಂದು ಸಡಿಲವಾದರೆ ಬ್ರೇಕ್ ತುಳಿದಾಗ ಇಂಡಿಕೇಟರ್ ಮಿಣಿಮಿಣಿ ಅನ್ನುವಂಥ ವಿಚಿತ್ರ ಆಟ ಶುರುವಾಗುತ್ತದೆ. ಆದ್ದರಿಂದ ದೀಪಗಳನ್ನು ಒಂದೊಂದಾಗಿ ಅಲ್ಲ, ಎಲ್ಲ ಒಟ್ಟಿಗೆ ಹಾಕಿ ನೋಡಿ: ಹೆಡ್‌ಲೈಟ್, ಬ್ರೇಕ್, ಇಂಡಿಕೇಟರ್, ಹಾರ್ನ್, ರೇಡಿಯೇಟರ್ ಫ್ಯಾನ್, ಎಲ್ಲ ಏಕಕಾಲಕ್ಕೆ. ಎಂಜಿನ್ ಬ್ಲಾಕಿನಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿ ಇದೆಯೇ ನೋಡಿ. ಅದು ಎಂಜಿನ್ ಕೂರಿಸಿದವರ ಕೆಲಸವೋ ರೋಲರ್ ಕಟ್ಟಿದವರ ಕೆಲಸವೋ ತೀರ್ಮಾನವಾಗದೆ ಬಿಟ್ಟುಹೋಗಬಹುದು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮಲ್ಟಿಮೀಟರ್ 13.8ರಿಂದ 14.5 ವೋಲ್ಟ್ ತೋರಿಸಬೇಕು, ಫ್ಯಾನ್ ಮತ್ತು ಹೆಡ್‌ಲೈಟ್ ಹಾಕಿದಾಗಲೂ 13ಕ್ಕಿಂತ ಕೆಳಗಿಳಿಯಬಾರದು.

ದಕ್ಷಿಣ ಆಫ್ರಿಕಾದಲ್ಲಿ ನಮ್ಮ ಹಾಗೆ ಎಡಬದಿಯ ಸಂಚಾರ. ಅಮೆರಿಕದಲ್ಲಿ ಬಲಬದಿ. ಲೋ ಬೀಮ್ ಗೋಡೆಗೆ ಬಿಟ್ಟಾಗ ಬೆಳಕು ಬಲಕ್ಕೆ ಏರಬೇಕು. ಎಡಕ್ಕೆ ಏರಿದರೆ ಎದುರಿನವರ ಕಣ್ಣು ಕುಕ್ಕುತ್ತದೆ, ತಪಾಸಣೆಯಲ್ಲೂ ಫೇಲ್.

ಪೆಟ್ರೋಲ್ ಗೇಜ್ ಸುಳ್ಳು ಹೇಳುವುದು ಈ ಗಾಡಿಗಳ ಹಳೆಯ ಚಾಳಿ. ಟ್ಯಾಂಕಿನೊಳಗೆ ಮಟ್ಟ ಅಳೆಯುವ ಸೆಂಡರ್ ಮತ್ತು ಮೀಟರಿನ ಓಮ್ ಶ್ರೇಣಿ ಬೇರೆಯಾಗಿದ್ದರೆ ಖಾಲಿ ಟ್ಯಾಂಕಿಗೆ ಅರ್ಧ ತೋರಿಸುತ್ತದೆ. ಹಿಂದಿರುಗುವ ದಾರಿಯಲ್ಲಿ ಮುಳ್ಳಿಗಿಂತ ಓಡಿದ ಮೈಲಿಯನ್ನು ನಂಬಿ. ಸ್ಪೀಡೋಮೀಟರ್ ಫೋನಿನ ಜಿಪಿಎಸ್ ಜೊತೆ ಹೋಲಿಸಿ.

ಸ್ಟಾರ್ಟ್

ಕೀಲಿ ತಿರುಗಿಸುವ ಮುಂಚೆ ಕೇಳಬೇಕಾದ್ದು: ಎಂಜಿನ್ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿದೆಯೇ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಉರುಳುವ ರೋಲರ್ ಮಾದರಿಯೋ, ಉಜ್ಜಿ ಸಾಗುವ ಫ್ಲ್ಯಾಟ್ ಟ್ಯಾಪೆಟ್ಟೋ? ಫ್ಲ್ಯಾಟ್ ಟ್ಯಾಪೆಟ್ ಆಗಿದ್ದು ಡೈನೋ ಮೇಲೆ ಓಡಿಸಿಲ್ಲವಾದರೆ ಮೊದಲ ಸ್ಟಾರ್ಟಿನಲ್ಲೇ 2000ದಿಂದ 2500 ಆರ್‌ಪಿಎಂನಲ್ಲಿ 20ರಿಂದ 30 ನಿಮಿಷ ನಿಲ್ಲದೆ ಓಡಬೇಕು, ಹೊಸ ಎಂಜಿನ್ ಪಳಗಿಸಲು ಹಾಕುವ, ಜಿಂಕ್ ಹೆಚ್ಚಿರುವ ಬ್ರೇಕ್‌ಇನ್ ಆಯಿಲ್‌ನಲ್ಲಿ. ಐಡಲ್‌ನಲ್ಲಿ ಬಿಟ್ಟರೆ ಕ್ಯಾಮ್ ಹಲ್ಲುಗಳಿಗೆ ಆಯಿಲ್ ಚಿಮ್ಮುವುದಿಲ್ಲ, ಸವೆದುಹೋಗುತ್ತವೆ. ರೋಲರ್ ಕ್ಯಾಮ್‌ಗೆ ಈ ರಗಳೆ ಇಲ್ಲ.

ಡೈನೋ ಹಾಳೆಯ ಮೇಲೆ ಪೆಟ್ರೋಲಿನ ಆಕ್ಟೇನ್ ಎಷ್ಟು ಬರೆದಿದೆ ನೋಡಿ. ಪೂರ್ವದ ರಾಜ್ಯಗಳಲ್ಲಿ 93 ಸಿಗುತ್ತದೆ, ಕ್ಯಾಲಿಫೋರ್ನಿಯಾದ ಬಂಕಿನಲ್ಲಿ ಸಿಗುವ ಪ್ರೀಮಿಯಂ 91. ಅಲ್ಲಿ 93ಕ್ಕೆ ಹೊಂದಿಸಿದ ಟೈಮಿಂಗ್ ಇಲ್ಲಿ ಏರು ಹತ್ತುವಾಗ ಟಿಂಗ್ ಟಿಂಗ್ ಎಂದು ನಾಕ್ ಮಾಡಿ ಪಿಸ್ಟನ್ ತಿನ್ನುತ್ತದೆ. ಎಂಜಿನ್ ಕಟ್ಟಿದವರನ್ನೇ ಕೇಳಿ ಒಂದೆರಡು ಡಿಗ್ರಿ ಹಿಂದಕ್ಕೆ ಸರಿಸಬೇಕಾಗಬಹುದು.

ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಪ್ರೆಶರ್ ಏರಬೇಕು. ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ, ಅದಕ್ಕಿಂತ ಕಡಿಮೆಯಾದರೆ ನಿಲ್ಲಿಸಿ. ಉಷ್ಣತೆ 180ರಿಂದ 200 ಫ್ಯಾರನ್‌ಹೀಟ್ ನಡುವೆ ನಿಲ್ಲಬೇಕು, ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವುದನ್ನು ಎರಡು ಸಲ ನೋಡುವ ತನಕ ಅಲ್ಲಿಂದ ಕದಲಬೇಡಿ. ಮುಳ್ಳು ಏರುತ್ತಾ ಹೋಗಿ ತಟಕ್ಕನೆ ಇಳಿಯುತ್ತಿದ್ದರೆ ಕೂಲಿಂಗ್ ವ್ಯವಸ್ಥೆಯಲ್ಲಿ ಗಾಳಿ ಸಿಕ್ಕಿದೆ. ಎಂಜಿನ್ ತಣಿಸಿ, ಮೂಗು ಎತ್ತಿ, ಗಾಳಿ ಬಿಡಿಸಿ ಮತ್ತೆ ತುಂಬಬೇಕು. ಅಡಿಯಲ್ಲಿ ಪೇಪರ್ ಟವೆಲ್ ಹಾಸಿ ಬಿಡಿ, ಇಪ್ಪತ್ತು ನಿಮಿಷದ ನಂತರ ಎಲ್ಲಿ ಯಾವ ಬಣ್ಣದ ಹನಿ ಬಿದ್ದಿದೆ ಎಂದು ಅದೇ ಹೇಳುತ್ತದೆ. ಹಸಿರು ಅಥವಾ ಕಿತ್ತಳೆ ಕೂಲೆಂಟ್, ಕೆಂಪು ಗೇರ್‌ಬಾಕ್ಸ್ ಆಯಿಲ್. ಚಕ್ರದ ಒಳಬದಿಯಲ್ಲಿ ತಿಳಿ ಹನಿ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಆವತ್ತು ಗಾಡಿ ರಸ್ತೆಗೆ ಬೇಡ.

ಚಕ್ರ, ಬ್ರೇಕು, ಮೊದಲ ಓಟ

ಟಯರ್ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷ ನಾಲ್ಕಂಕಿಯಲ್ಲಿ ಇರುತ್ತದೆ. 1422 ಅಂದರೆ 2022ರ 14ನೇ ವಾರ. ರೋಲರ್ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿದ್ದರೆ ‘ಹೊಸ’ ಟಯರೂ ಗಟ್ಟಿಯಾಗಿರುತ್ತದೆ. ಎಬಿಎಸ್ ಇಲ್ಲದ, 400 ಕುದುರೆಶಕ್ತಿ ಮೀರಿದ, 90 ಇಂಚಿನ ವೀಲ್‌ಬೇಸ್ ಗಾಡಿಗೆ ಅಂಥ ಟಯರು ಅಪಾಯ. ಸಾಗಣೆಯಲ್ಲಿ ಗಾಳಿ ಹೆಚ್ಚು ತುಂಬಿ ಹಾಗೇ ಬಿಟ್ಟಿರಬಹುದು. ಸುಮಾರು 2,500 ಪೌಂಡ್ ತೂಕದ ಗಾಡಿಗೆ 20ರಿಂದ 24 ಪಿಎಸ್‌ಐ ಸಾಕಾಗುತ್ತದೆ. ಟಯರಿನ ಮೇಲೆ ಅಚ್ಚಾದ ಗರಿಷ್ಠ ಅಂಕಿ ಇಲ್ಲಿ ಲೆಕ್ಕಕ್ಕಿಲ್ಲ.

ಚಕ್ರದ ನಡುವೆ ಮೂರು ರೆಕ್ಕೆಯ ಸ್ಪಿನ್ನರ್ ಇದ್ದರೆ ಅದು ಚಕ್ರವನ್ನು ತಾನೊಂದೇ ಹಿಡಿದಿಡುವ ಅಸಲಿ ನಾಕ್‌ಆಫ್ ನಟ್ಟೋ, ಐದು ನಟ್ಟಿನ ಮೇಲೆ ಕೂರಿಸಿದ ಅಲಂಕಾರವೋ ಕೇಳಿ. ಅಸಲಿಯಾದರೆ ಎಡ ಬಲಕ್ಕೆ ಥ್ರೆಡ್ ತಿರುವುಮುರುವು, ಬಿಚ್ಚುವ ದಿಕ್ಕು ಅದರ ಮೇಲೇ ಬರೆದಿರುತ್ತದೆ. ಸೀಸದ ಸುತ್ತಿಗೆ ಗಾಡಿಯ ಜೊತೆ ಬರಬೇಕು, ನಟ್ಟು ಸಡಿಲವಾಗದಂತೆ ಸೇಫ್ಟಿ ವೈರು ಅಥವಾ ಪಿನ್ನು ಇರಬೇಕು. ಯಾವ ಬಗೆಯಾದರೂ ಮೊದಲ 50 ಮೈಲಿಗೆ ಒಮ್ಮೆ, 100ಕ್ಕೆ ಇನ್ನೊಮ್ಮೆ ತಯಾರಕರು ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಅಲ್ಯೂಮಿನಿಯಂ ಚಕ್ರ ಕೂರಿಕೆ ಹಿಡಿಯುವ ತನಕ ಸಡಿಲವಾಗುತ್ತಲೇ ಇರುತ್ತದೆ.

ಬ್ರೇಕ್ ಪೆಡಲ್ ಗಟ್ಟಿಯಿರಬೇಕು, ಸ್ಪಂಜಿನ ಹಾಗೆ ಒಳಗೆ ಹೋದರೆ ಗಾಳಿ ಇದೆ. ವಾಹನವಿಲ್ಲದ ರಸ್ತೆಯಲ್ಲಿ 50 ಮೈಲಿ ವೇಗದಿಂದ 10ಕ್ಕೆ ದೃಢವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ಹೀಗೆ ಎಂಟು ಹತ್ತು ಸಲ ಮಾಡಿ, ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪ್ಯಾಡ್ ಪದರ ಡಿಸ್ಕಿಗೆ ಸಮನಾಗಿ ಕೂರುವುದು ಹೀಗೆ. ಬಿಸಿಯಿದ್ದಾಗ ಒಂದೇ ಕಡೆ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಅಲ್ಲೇ ಕಲೆಯಾಗಿ ಮುಂದೆ ಸ್ಟಿಯರಿಂಗ್ ನಡುಗುತ್ತದೆ.

ವೀಲ್ ಅಲೈನ್‌ಮೆಂಟ್ ಹಾಳೆಯ ತಾರೀಖು ನೋಡಿ. ರೋಲರ್ ಆಗಿದ್ದಾಗ ಮಾಡಿದ್ದರೆ ಅದಕ್ಕೆ ಬೆಲೆಯಿಲ್ಲ. ಎಂಜಿನ್ ಕೂತ ಮೇಲೆ ಮುಂಭಾಗ ಇಳಿಯುತ್ತದೆ, ಅದರಲ್ಲೂ 600 ಪೌಂಡ್ ದಾಟುವ ಕಬ್ಬಿಣದ ಫೋರ್ಡ್ ಎಫ್‌ಇ ಎಂಜಿನ್ ಹಾಕಿದ್ದರೆ ಎತ್ತರ, ಚಕ್ರದ ವಾಲು (ಕ್ಯಾಂಬರ್), ಒಳ-ಹೊರ ತಿರುವು (ಟೋ) ಮೂರೂ ಬದಲಾಗುತ್ತವೆ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟು ತೂಕ ಇಟ್ಟು, ಅರ್ಧ ಟ್ಯಾಂಕ್ ಪೆಟ್ರೋಲ್‌ನೊಂದಿಗೆ ಮತ್ತೆ ಮಾಡಿಸಿ.

ಸಹಿ ಮತ್ತು ಸಾಗಣೆ

ಕಂಡ ದೋಷಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ಪ್ರತಿ ಸಾಲಿನ ಎದುರು ಇದನ್ನು ಯಾರು, ಯಾವಾಗ ಸರಿಮಾಡುತ್ತಾರೆ ಎಂದು ಬರೆಸಿ ಇಬ್ಬರೂ ಸಹಿ ಹಾಕಿ. ರೋಲರ್ ತಯಾರಕರು, ಎಂಜಿನ್ ಕಟ್ಟಿದವರು, ಕೂರಿಸಿದವರು, ಮೂವರ ವಾರಂಟಿಯೂ ಬೇರೆ. ಆಯಿಲ್ ಸೋರಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದನ್ನು ತಪ್ಪಿಸಲು ಇದೊಂದೇ ಉಪಾಯ. ಬ್ರೇಕ್, ಸ್ಟಿಯರಿಂಗ್, ಪೆಟ್ರೋಲ್ ಸೋರಿಕೆ ಆ ಹಾಳೆಯಲ್ಲಿ ಇದ್ದರೆ ಬಾಕಿ ಹಣ ಕೊಡಬೇಡಿ, ಗಾಡಿ ಒಯ್ಯಲೂ ಬೇಡಿ.

ಟ್ರಕ್ಕಿನಲ್ಲಿ ತರಿಸುವುದಾದರೆ ಮುಚ್ಚಿದ ಟ್ರಕ್ಕೇ ಆಗಲಿ, ಲಿಫ್ಟ್‌ಗೇಟ್ ಇರಲಿ. ಏರು ಹಲಗೆಗೆ ಸೈಡ್ ಪೈಪ್ ತಾಗುತ್ತದೆ. ಪಟ್ಟಿ ಕಟ್ಟುವುದು ಚಕ್ರಕ್ಕೆ, ಸಸ್ಪೆನ್ಷನ್ ತೋಳಿಗಲ್ಲ. ಬಟ್ಟೆಯ ಹೊದಿಕೆ ಬೇಡ, ದಾರಿಯುದ್ದಕ್ಕೂ ಅಲ್ಲಾಡಿ ಬಣ್ಣ ಉಜ್ಜುತ್ತದೆ. ಇಳಿಸಿದ ಮೇಲೆ ಬೆಳಕಿನಲ್ಲಿ ನೋಡಿ, ಗೀರು ಇದ್ದರೆ ಸಾಗಣೆ ರಸೀದಿಯ ಮೇಲೇ ಬರೆದು ನಂತರ ಸಹಿ ಮಾಡಿ. ಸಹಿ ಆದ ಮೇಲೆ ಹೇಳಿದ್ದಕ್ಕೆ ಕಿಮ್ಮತ್ತಿಲ್ಲ.

ನೀವೇ ಓಡಿಸಿಕೊಂಡು ಬರುವುದಾದರೆ ಉದ್ದ ಪ್ಯಾಂಟ್ ಹಾಕಿ. ಸೈಡ್ ಪೈಪ್ ಬಾಗಿಲಿನ ಕೆಳಗೇ ಇದೆ, ಇಳಿಯುವಾಗ ಮೀನಖಂಡ ತಾಗಿ ಸುಡುವುದಕ್ಕೆ ಈ ವಲಯದಲ್ಲಿ ‘ಹಾವಿನ ಕಡಿತ’ ಎಂದೇ ಹೆಸರು. ಸಲಕರಣೆಯ ಜೊತೆ ಇಯರ್‌ಪ್ಲಗ್, ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಇರಲಿ. ಮೊದಲ ಹತ್ತು ಮೈಲಿಗೆ ನಿಲ್ಲಿಸಿ ಬಾನೆಟ್ ಎತ್ತಿ ಒಮ್ಮೆ ಮೂಸಿ ನೋಡಿ. ಪೆಟ್ರೋಲ್ ವಾಸನೆ, ಸುಟ್ಟ ರಬ್ಬರ್ ವಾಸನೆ ಮೂಗಿಗೆ ಬೇಗ ಗೊತ್ತಾಗುತ್ತದೆ.

ಮನೆ ಮುಂದೆ ಪೂಜೆ

ಹೊಸ ಗಾಡಿಗೆ ಪೂಜೆ ಆಗಲೇಬೇಕು, ಆದರೆ ಇದು ಕಬ್ಬಿಣದ ಗಾಡಿಯಲ್ಲ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು, ಅಲ್ಲಿಯ ತನಕ ಅರಿಶಿನದ ಕಲೆ ಬಿಳಿ ಪಟ್ಟೆಯೊಳಗೆ ಇಳಿದುಬಿಡುತ್ತದೆ. ಅರಿಶಿನ ಕುಂಕುಮ ವಿಂಡ್‌ಸ್ಕ್ರೀನ್ ಗಾಜಿಗೆ, ನಂಬರ್ ಪ್ಲೇಟಿಗೆ ಇಡಿ. ತೆಂಗಿನಕಾಯಿ ದೂರ ಒಡೆಯಿರಿ, ಚಿಪ್ಪಿನ ಚೂರು ಸಿಡಿದರೆ ಮೂಗಿನ ಬಣ್ಣ ಹೋಯಿತು. ಹೂವಿನ ಹಾರ ಬಾನೆಟ್ ಮೇಲಿನ ಗಾಳಿ ಕಿಂಡಿಗೆ ಬೇಡ, ಎಸಳು ಸೀದಾ ಕಾರ್ಬೊರೇಟರ್ ಕಡೆ ಹೋಗುತ್ತದೆ. ಕರ್ಪೂರದ ಆರತಿ ಮಾತ್ರ ಎಂಜಿನ್ ಪೂರ್ತಿ ತಣಿದ ಮೇಲೆ, ಬಾನೆಟ್ ಮುಚ್ಚಿ, ಪೆಟ್ರೋಲ್ ಮುಚ್ಚಳದಿಂದ ದೂರ ನಿಂತು. ಬಿಸಿ ಕಾರ್ಬೊರೇಟರಿನಿಂದ ಪೆಟ್ರೋಲ್ ಆವಿ ಏಳುತ್ತಿರುತ್ತದೆ. ನಿಂಬೆಹಣ್ಣಿಗೆ ಯಾವ ಅಡ್ಡಿಯೂ ಇಲ್ಲ.

ಮೊದಲ 500 ಮೈಲಿ

ಒಂದೇ ವೇಗದಲ್ಲಿ ಹೈವೇ ಓಟ ಬೇಡ. ಆರ್‌ಪಿಎಂ ಏರಿಸಿ ಇಳಿಸಿ ಓಡಿಸಿದರೆ ಪಿಸ್ಟನ್ ರಿಂಗ್ ಚೆನ್ನಾಗಿ ಕೂರುತ್ತದೆ. ಡಿಫರೆನ್ಷಿಯಲ್‌ಗೆ ಮೊದಲ ಓಟ 15-20 ನಿಮಿಷ ಸಾಕು, ತಣಿಯಲು ಬಿಟ್ಟು ಮತ್ತೆ ಹೊರಡಿ. ಹೊಸ ಕ್ಲಚ್ಚಿಗೆ ಊರೊಳಗಿನ ಓಡಾಟವೇ ಒಳ್ಳೆಯದು, ಚಕ್ರ ಸುಡುವ ಆಟ 500 ದಾಟಿದ ಮೇಲೆ. ಎರಡು ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಫ್ಯುಯೆಲ್ ಫಿಲ್ಟರ್ ಬದಲಿಸಿ. ಗಾಡಿ ಕಟ್ಟುವಾಗ ಟ್ಯಾಂಕಿಗೆ ಬಿದ್ದ ಫೈಬರ್ ಪುಡಿ, ಲೋಹದ ಚೂರು ಅದರಲ್ಲಿ ಸಿಕ್ಕಿರುತ್ತವೆ. ಹೆಡರ್ ಬೋಲ್ಟುಗಳನ್ನು ತಣ್ಣಗಿದ್ದಾಗ ಎರಡು ಮೂರು ಸಲ ಬಿಗಿ ಮಾಡಬೇಕು, ಕಾದು ತಣಿದಂತೆಲ್ಲ ಗ್ಯಾಸ್ಕೆಟ್ ಕುಗ್ಗುತ್ತದೆ. 500ಕ್ಕೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಡಿಫರೆನ್ಷಿಯಲ್ ಆಯಿಲ್ ಎರಡೂ ಬದಲಿಸಿ. ಹಳೆಯ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ: ಮಿನುಗುವ ಧೂಳು ಸಹಜ, ಉಗುರಿಗೆ ಸಿಕ್ಕುವ ಚೂರು ಸಹಜವಲ್ಲ. ಸಿಂಥೆಟಿಕ್ ಆಯಿಲ್‌ಗೆ ಯಾವಾಗ ಹೋಗಬಹುದೆಂದು ಎಂಜಿನ್ ಕಟ್ಟಿದವರ ಮಾತೇ ಅಂತಿಮ. ಸಾಲಿಡ್ ಲಿಫ್ಟರ್ ಎಂಜಿನ್ ಆಗಿದ್ದರೆ ವಾಲ್ವ್ ಅಂತರ ಈ ಹೊತ್ತಿಗೆ ಮತ್ತೆ ಹೊಂದಿಸಬೇಕು.

ಬಣ್ಣಕ್ಕೆ ಮೊದಲ ಎರಡು ಮೂರು ತಿಂಗಳು ವ್ಯಾಕ್ಸ್ ಬೇಡ, ನೀರು ಮತ್ತು ಮೆತ್ತನೆ ಬಟ್ಟೆ ಸಾಕು.

ಡೆಲಿವರಿ ದಿನ ಮರೆಯದೆ ಕೇಳಿ ಪಡೆಯಬೇಕಾದ ಇನ್ನೊಂದು ಹಾಳೆಯಿದೆ: ಬಿಡಿಭಾಗಗಳ ಪಟ್ಟಿ. ಚಾಸಿ ನಂಬರು ಹೇಳಿದರೆ ಯಾವ ಬಿಡಿಭಾಗದ ಅಂಗಡಿಯ ಕಂಪ್ಯೂಟರೂ ನಿಮ್ಮ ಗಾಡಿಯನ್ನು ಗುರುತಿಸುವುದಿಲ್ಲ. ವಾಟರ್ ಪಂಪ್ ಯಾವ ವರ್ಷದ ಮಸ್ಟ್ಯಾಂಗ್‌ನದು, ಆಲ್ಟರ್ನೇಟರ್ ಎಷ್ಟು ಆಂಪಿಯರ್, ಬೆಲ್ಟ್ ನಂಬರು, ಬ್ರೇಕ್ ಪ್ಯಾಡ್ ಯಾವ ಕ್ಯಾಲಿಪರ್‌ನದು, ವೀಲ್ ಬೇರಿಂಗ್, ಥರ್ಮೊಸ್ಟಾಟ್, ಫ್ಯಾನ್ ರಿಲೇ, ಕ್ಲಚ್ ಸ್ಲೇವ್ ಸಿಲಿಂಡರ್, ಎಲ್ಲದರ ತಯಾರಕರ ಹೆಸರು ಮತ್ತು ನಂಬರು ಅದರಲ್ಲಿರಬೇಕು. ಒಂದು ಪ್ರತಿ ಮನೆಯಲ್ಲಿಡಿ, ಇನ್ನೊಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿ, ಮಳೆ ಬಂದರೆ ಅಲ್ಲಿಗೂ ನೀರು ಇಳಿಯುತ್ತದೆ.